ಆನೆ ಬಂದಿತ್ತು ಟೀಚರ್

ಬೇರೆ ಊರಿನ ಮಕ್ಕಳು ಹೋಂವರ್ಕ್ ಮಾಡದೆ ಹೋದರೆ ಹೊಟ್ಟೆನೋವು ಅನ್ನಬೇಕು, ಜ್ವರ ಅನ್ನಬೇಕು, ಪುಸ್ತಕ ಅಜ್ಜಿಮನೆಯಲ್ಲಿ ಬಿಟ್ಟುಬಂದೆ ಅನ್ನಬೇಕು. ನಮ್ಮ ಕಡೆಯ ಮಕ್ಕಳಿಗೆ ಆ ತಾಪತ್ರಯವಿಲ್ಲ. ಎದ್ದು ನಿಂತು, ಮುಖ ಸ್ವಲ್ಪ ಸಪ್ಪೆ ಮಾಡಿಕೊಂಡು, "ಆನೆ ಬಂದಿತ್ತು ಟೀಚರ್" ಅಂದರೆ ಮುಗಿಯಿತು. ಆಲೂರು, ಸಕಲೇಶಪುರದ ಯಾವ ಟೀಚರೂ ಅದಕ್ಕೆ ಎದುರು ಮಾತಾಡುವ ಹಾಗಿಲ್ಲ. ಆನೆ ನಿಜವಾಗಿ ಬಂದಿತ್ತೋ ಇಲ್ಲವೋ ಎಂದು ಯಾರು ಹೋಗಿ ಹೆಜ್ಜೆ ನೋಡಿಕೊಂಡು ಬರುತ್ತಾರೆ?

ನಮ್ಮ ಮನೆ ಪಾಳ್ಯ ಎಂಬ ಊರಿನಿಂದ ಸ್ವಲ್ಪ ಒಳಗೆ. ಮುಂದೆ ಗದ್ದೆ, ಹಿಂದೆ ಬೇರೆಯವರ ಕಾಫಿ ತೋಟ. ಮುಂಬಾಗಿಲ ಪಕ್ಕದ ಕೋಣೆಯಲ್ಲಿ ನನ್ನ ಹೊಲಿಗೆ ಮೆಶಿನ್. ಸುತ್ತಲಿನ ನಾಲ್ಕೈದು ಊರಿನ ಹೆಂಗಸರು ನನ್ನ ಹತ್ತಿರವೇ ಬ್ಲೌಸ್ ಹೊಲಿಸುತ್ತಾರೆ. ನಮ್ಮ ಯಜಮಾನರು ಪಿಕಪ್ ಓಡಿಸುತ್ತಾರೆ; ಶುಂಠಿ, ಹಸಿಮೆಣಸಿನಕಾಯಿ ತುಂಬಿಕೊಂಡು ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಮನೆಗೆ. ನಮಗೆ ಒಬ್ಬಳೇ ಮಗಳು. ನಾನು ಹೇಳುತ್ತಿರುವ ವರ್ಷ ಅವಳು ನಾಲ್ಕನೇ ಕ್ಲಾಸು.

ಆನೆ ಬರುವ ಸಂಜೆಗೆ ನಮ್ಮ ಮನೆಗಳಲ್ಲಿ ಒಂದು ಕ್ರಮ ಇದೆ. ಮೊದಲು ಅರಣ್ಯ ಇಲಾಖೆಯವರಿಂದ ಫೋನಿಗೆ ಮೆಸೇಜ್ ಬರುತ್ತದೆ, ಇಂಥ ಎಸ್ಟೇಟಿನ ಹತ್ತಿರ ಇಷ್ಟು ಆನೆ ಇವೆ, ಇಂಥ ರಸ್ತೆಯಲ್ಲಿ ಓಡಾಡಬೇಡಿ ಎಂದು. ಅದರಲ್ಲಿ ನಮ್ಮ ಹತ್ತಿರದ ಹೆಸರು ಕಂಡರೆ ನಾನು ಅರ್ಧ ಹೊಲಿದ ತೋಳನ್ನು ಸೂಜಿಯಡಿಯಲ್ಲೇ ಬಿಟ್ಟು ಏಳುತ್ತೇನೆ. ಹಿತ್ತಿಲಲ್ಲಿ ನೇತುಹಾಕಿದ ಬಾಳೆಗೊನೆ ಒಳಗೆ ಬರಬೇಕು. ನಾಯಿ ಒಳಗೆ ಬರಬೇಕು. ಟಿವಿ ಬಂದ್, ಮೆಶಿನ್ ಬಂದ್, ಬಾಗಿಲಿಗೆ ಅಗುಳಿ. ಆಮೇಲೆ ಎಲ್ಲರೂ ಒಳಕೋಣೆಯ ಮಂಚದ ಮೇಲೆ ಸೇರಿಕೊಂಡು, ಮಾತಾಡಿದರೂ ಪಿಸುಪಿಸು ಮಾತಾಡಿಕೊಂಡು, ಹಿಂಡು ದಾಟಿತು ಎಂಬ ಇನ್ನೊಂದು ಮೆಸೇಜ್ ಬರುವವರೆಗೆ ಕೂರುವುದು.

ಆ ವರ್ಷ ಗೌರಿ ಹಬ್ಬದ ಹಿಂದಿನ ವಾರ ಎರಡು ಸಂಜೆ ಹೀಗೆ ಕೂತಿದ್ದೆವು. ಎರಡು ದಿನವೂ ಮಗಳು ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗಿದ್ದಳು. ಮಾಡಲು ಬೇರೆ ಕೆಲಸವಿಲ್ಲದೆ ನಾನು ಅವಳ ಜಡೆ ಬಿಚ್ಚಿ, ಸಿಕ್ಕು ಬಿಡಿಸಿ, ಮತ್ತೆ ಹೆಣೆದು, ಮತ್ತೆ ಬಿಚ್ಚುತ್ತಿದ್ದೆ. ಹಿಂದಿನ ತೋಟದಲ್ಲಿ ಕೊಂಬೆ ಲಟಕ್ಕೆಂದು ಮುರಿದಾಗ ಇಬ್ಬರೂ ಉಸಿರು ಬಿಗಿಹಿಡಿದಿದ್ದೆವು. ನನಗೆ ಅವು ಹೆದರಿಕೆಯ ಸಂಜೆಗಳು. ಅವಳಿಗೆ ಏನಾಗಿದ್ದವು ಎಂದು ಆಗ ನನಗೆ ಗೊತ್ತಿರಲಿಲ್ಲ.

ಈಗ ನನ್ನ ಸಿಟ್ಟಿನ ವಿಷಯ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಪ್ರಯೋಜನವಿಲ್ಲ, ಊರಿಗೆಲ್ಲ ಗೊತ್ತು. ಹೊಲಿಗೆ ಒಂದೆಳೆ ಸೊಟ್ಟಗಾದರೂ ನನಗೆ ಆಗುವುದಿಲ್ಲ. ಬ್ಲೌಸ್ ಹಾಕಿಕೊಳ್ಳುವವರಿಗೆ ಕಾಣದ ಒಳಹೊಲಿಗೆಯನ್ನೂ ಬಿಚ್ಚಿ ಮತ್ತೆ ಹೊಲಿಯುವವಳು ನಾನು. ಅದರಿಂದಲೇ ನನ್ನ ಕೆಲಸಕ್ಕೆ ಹೆಸರು ಬಂತು, ಅದರಿಂದಲೇ ಮನೆಯಲ್ಲಿ ಮಗಳಿಗೆ ಉಸಿರು ಕಟ್ಟಿತು. ಸಂಜೆ ಅವಳು ಬರೆಯಲು ಕೂತರೆ ನಾನು ಹಿಂದೆಯೇ ಹೋಗಿ ನಿಲ್ಲುತ್ತಿದ್ದೆ, ಒಂದು ಕೈಯಲ್ಲಿ ರಬ್ಬರ್ ಹಿಡಿದುಕೊಂಡು. ಅಕ್ಷರ ಗೆರೆ ದಾಟಿತೋ, ಅಳಿಸು. ಲೆಕ್ಕದಲ್ಲಿ ತಪ್ಪಿತೋ, ಅಳಿಸು. ಅವಳು ಅಳಿಸುವುದು ನಿಧಾನವಾಯಿತೆಂದು ಪುಸ್ತಕ ಕಿತ್ತುಕೊಂಡು ನಾನೇ ಅಳಿಸುತ್ತಿದ್ದೆ. ಒಂದು ಪುಟವನ್ನಂತೂ ಕಾಗದ ತೂತು ಬೀಳುವ ತನಕ ಉಜ್ಜಿದ್ದೆ. ಒಂದು ಪುಟದ ಕೆಲಸಕ್ಕೆ ಎರಡು ಗಂಟೆ. ಅವಳ ಕಣ್ಣೀರು ಬೇರೆ, ನನ್ನ ಕಿರುಚಾಟ ಬೇರೆ.

ಇದಕ್ಕೆಲ್ಲ ಕಾರಣ ಇರಲಿಲ್ಲ ಎಂದಲ್ಲ. ನಾನು ಹತ್ತನೇ ಕ್ಲಾಸಿನಲ್ಲಿ ಗಣಿತದಲ್ಲಿ ಫೇಲಾದವಳು. ಮತ್ತೊಮ್ಮೆ ಪರೀಕ್ಷೆ ಕಟ್ಟು ಎಂದು ನನಗೆ ಯಾರೂ ಹೇಳಲಿಲ್ಲ. ಟೇಪು, ಕತ್ತರಿ ಕೈಗೆ ಬಂತು. ಮಗಳ ಪುಸ್ತಕದಲ್ಲಿ ಒಂದು ತಪ್ಪು ಲೆಕ್ಕ ಕಂಡರೆ ನನಗೆ ಆ ಫಲಿತಾಂಶದ ದಿನವೇ ಕಣ್ಣೆದುರು ಬರುತ್ತಿತ್ತು. ಅವಳು ಒಂಬತ್ತು ವರ್ಷದ ಮಗು, ಅವಳ ಮುಂದೆ ಇನ್ನೂ ಎಷ್ಟೋ ವರ್ಷ ಇದೆ ಎಂಬುದು ಹೊಳೆಯುತ್ತಲೇ ಇರಲಿಲ್ಲ.

ದಸರಾ ರಜೆ ಮುಗಿದ ಮೇಲೆ ಮಗಳು ಇದ್ದಕ್ಕಿದ್ದಂತೆ ಹಗುರಾದಳು. ಬ್ಯಾಗ್ ಮೂಲೆಗೆ ಹಾಕಿ, "ಇವತ್ತು ಹೋಂವರ್ಕ್ ಇಲ್ಲ ಕಣಮ್ಮ" ಎಂದು ನಾಯಿಯ ಜೊತೆ ಅಂಗಳಕ್ಕೆ ಓಡುತ್ತಿದ್ದಳು. ವಾರದಲ್ಲಿ ಮೂರು ದಿನ, ನಾಲ್ಕು ದಿನ. ಟೀಚರ್ ಸೋಮಾರಿಯಾಗಿದ್ದಾರೆ ಎಂದುಕೊಂಡೆ. ಸತ್ಯ ಹೇಳಬೇಕೆಂದರೆ ನನಗೂ ಹಾಯೆನಿಸಿತು. ದೀಪಾವಳಿ ಹತ್ತಿರ ಬಂದಿತ್ತು, ಬ್ಲೌಸುಗಳ ರಾಶಿ ಬಿದ್ದಿತ್ತು.

ಆ ಟೀಚರೇ ಒಂದು ಶನಿವಾರ ಮಧ್ಯಾಹ್ನ ಹಬ್ಬದ ಬ್ಲೌಸಿಗೆ ಅಳತೆ ಕೊಡಲು ಬಂದರು. ಮಗಳು ಪಕ್ಕದ ಮನೆಗೆ ಆಡಲು ಹೋಗಿದ್ದಳು. ಟೀಚರ್ ಕೈ ಎರಡೂ ಎತ್ತಿ ನಿಂತಿದ್ದರು, ನಾನು ಟೇಪು ಸುತ್ತುತ್ತಿದ್ದೆ.

"ಏನ್ರೀ, ಈ ಸಲ ನಿಮ್ಮ ಕಡೆ ಆನೆ ಕಾಟ ಬಹಳ ಅಂತೆ?" ಎಂದರು.

"ಇಲ್ವಲ್ಲ ಟೀಚರ್. ಗೌರಿ ಹಬ್ಬದ ಮುಂಚೆ ಬಂದಿದ್ದೇ ಕೊನೆ. ಹಿಂಡು ಈಗ ಹೆತ್ತೂರು ಕಡೆ ಐತಂತೆ."

ಅವರು ಎತ್ತಿದ ಕೈ ಇಳಿಸಿದರು. "ನಿಮ್ಮ ಮಗಳು ರಜೆ ಮುಗಿದ ಮೇಲೆ ಒಂಬತ್ತು ಸಲ ಆನೆ ಬಂದಿತ್ತು ಅಂದವ್ಳೆ" ಎಂದರು.

ನನ್ನ ಕೈಯಿಂದ ಟೇಪು ಜಾರಿತು. ಬಗ್ಗಿ ಎತ್ತಿಕೊಂಡು, ತೋಳಿನ ಅಳತೆ ತೆಗೆದುಕೊಂಡು, ಏನೋ ಒಂದು ಬರೆದುಕೊಂಡೆ. ನಾಚಿಕೆಗೆ ಕಿವಿ ಸುಡುತ್ತಿತ್ತು. ಹೊರಡುವಾಗ ಟೀಚರ್ ಬಾಗಿಲಲ್ಲಿ ನಿಂತು ಹೇಳಿದರು: "ಹೊಡೀಬೇಡಿ ಕಣ್ರೀ. ಸುಳ್ಳು ಯಾಕೆ ಹೇಳಿದ್ಲು ಅಂತ ಮೊದ್ಲು ಕೇಳಿ."

ಹೊಡೆಯಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದೆ. ಮಗಳು ಮನೆಗೆ ಬಂದ ಕೂಡಲೇ ರಟ್ಟೆ ಹಿಡಿದು ಗದ್ದೆಯ ಬದುವಿಗೆ ಎಳೆದುಕೊಂಡು ಹೋದೆ. ಭತ್ತ ತೆನೆ ಕಟ್ಟಿ, ಒಂದು ಪೈರೂ ಬಾಗದೆ ಸಾಲಾಗಿ ನಿಂತಿತ್ತು.

"ಎಲ್ಲಿ ಬಂದಿತ್ತೇ ಆನೆ? ಹೆಜ್ಜೆ ತೋರ್ಸು. ಒಂಬತ್ತು ಸಲ ಬಂದಿದ್ರೆ ಒಂದಾದ್ರೂ ಹೆಜ್ಜೆ ಇರ್ಬೇಕಲ್ಲ, ತೋರ್ಸು!"

ಅವಳು ನಿಜವಾಗಿಯೂ ಕೆಸರಿನಲ್ಲಿ ಹುಡುಕತೊಡಗಿದಳು. ಬಗ್ಗಿ ಅಲ್ಲಿ ನೋಡಿದಳು, ಇಲ್ಲಿ ನೋಡಿದಳು. ಎಲ್ಲಾದರೂ ಒಂದು ಗುಂಡಿ ಸಿಕ್ಕಿದರೆ ಅಮ್ಮ ಬಿಟ್ಟುಬಿಡುತ್ತಾಳೇನೋ ಎಂದು ಹುಡುಕುತ್ತಿದ್ದಳು. ಸಿಗದೆ, ಬದುವಿನ ಮೇಲೆ ಕುಕ್ಕರಿಸಿ ಕೂತು ಅಳತೊಡಗಿದಳು. ನಾನು ಕಿರುಚುತ್ತಲೇ ಇದ್ದೆ. ಕಿರುಚಿ ನನಗೇ ಸುಸ್ತಾದಾಗ ಅವಳು ಮೊಣಕಾಲಿನ ನಡುವೆ ಮುಖ ಇಟ್ಟುಕೊಂಡೇ ಹೇಳಿದಳು.

"ಆನೆ ಬಂದಾಗ ನೀನು ಬೈಯಲ್ಲ."

"ಏನಂದೆ?"

"ಆನೆ ಬಂದಾಗ ನೀನು ಬೈಯಲ್ಲ. ತೊಡೆ ಮೇಲೆ ಮಲಗಿಸ್ಕೊತೀಯ. ಬರ್ಲಿ ಅಂತ ದೇವ್ರಿಗೆ ಕೈ ಮುಗ್ದಿದ್ದೆ. ದಿನಾ ಮುಗ್ದಿದ್ದೆ. ಬರ್ಲಿಲ್ಲ. ಅದ್ಕೇ ಬಂದಿತ್ತು ಅಂದೆ."

ನಮ್ಮ ಕಡೆ ಆನೆ ಎಂದರೆ ಏನು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ತೋಟಕ್ಕೆ ಹೋದವರು ಸಂಜೆ ಬಾರದೇ ಇದ್ದದ್ದನ್ನು ನಾವು ನೋಡಿದ್ದೇವೆ. ಅವಳಪ್ಪ ಪಿಕಪ್ ಓಡಿಸಿಕೊಂಡು ಬರುವುದು ಅದೇ ರಸ್ತೆಯಲ್ಲಿ. ಆ ದಾರಿಯಲ್ಲಿ ಆನೆ ಬರಲಿ ಎಂದು ನನ್ನ ಮಗಳು ದಿನಾ ಕೈ ಮುಗಿದು ಬೇಡಿಕೊಂಡಿದ್ದಳು. ಅವಳಿಗೆ ಆನೆಗಿಂತ ನನ್ನ ಭಯ ಹೆಚ್ಚಾಗಿತ್ತು. ಇದಕ್ಕೆ ನಾನು ಬೇರೆ ಅರ್ಥ ಹುಡುಕಲು ನೋಡಿದೆ, ಸಿಗಲಿಲ್ಲ. ಅವಳ ಪಕ್ಕದಲ್ಲೇ ಬದುವಿನ ಮೇಲೆ ಕೂತೆ. ಅವಳನ್ನು ಹತ್ತಿರ ಎಳೆದುಕೊಳ್ಳಲು ಹೋದರೆ, ಅವಳು ಒಂದಿಷ್ಟು ದೂರ ಸರಿದು ಕೂತಳು.

ಆ ಸಂಜೆ ಯಜಮಾನರಿಗೆ ಹೇಳಿದೆ. ಅವರು ಕೈಕಾಲು ತೊಳೆದು ಬಂದು, ಕಾಫಿ ಕುಡಿದು ಮುಗಿಸಿದರು. ಆಮೇಲೆ ಹೇಳಿದರು: "ನೀನು ಬ್ಲೌಸ್ ಹೊಲಿಯೋವಾಗ ನಾನು ಹಿಂದೆ ನಿಂತ್ಕೊಂಡು ಹಂಗಲ್ಲ ಹಿಂಗೆ, ಬಿಚ್ಚು, ಮತ್ತೆ ಹೊಲಿ ಅಂದ್ರೆ ಏನ್ ಮಾಡ್ತೀಯ ಮಾರಾಯ್ತಿ? ಕತ್ರಿ ತಗೊಂಡು ಅಟ್ಟಿಸ್ಕೊಂಡು ಬರ್ತೀಯ. ಅವಳ ಹತ್ರ ಕತ್ರಿ ಇರ್ಲಿಲ್ಲ, ಆನೆ ಕರೆದ್ಲು." ನಗಿಸಲೆಂದೇ ಹೇಳಿದ್ದು. ನನಗೆ ನಗು ಬರಲಿಲ್ಲ. ನನಗೆ ಬೇಕಾಗಿದ್ದು ಒಂದೇ, ಅವಳು ಮತ್ತೆ ನನ್ನೆದುರು ಹೆದರದೆ ಪುಸ್ತಕ ಬಿಚ್ಚಬೇಕು. ಅದು ಹೇಗೆಂದು ಗೊತ್ತಿರಲಿಲ್ಲ.

ಸೋಮವಾರ ಶಾಲೆಯ ಹತ್ತಿರ ಹೋಗಿ ಟೀಚರಿಗೆ ಎಲ್ಲವನ್ನೂ ಹೇಳಿದೆ, ತೂತಾದ ಪುಟದ ಸಮೇತ. ಅವರು ಬೈಯಲಿಲ್ಲ. "ಬಸ್ಸಿಳಿದು ಬಂದ ಮೇಲೆ ಏನಾದ್ರೂ ತಿನ್ಲಿ, ಸ್ವಲ್ಪ ಆಡ್ಲಿ. ಆಮೇಲೆ ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಕೂತ್ಕೊಳ್ಳಿ. ಅರ್ಧ ಗಂಟೆ ಸಾಕು. ಮುಗೀದಿದ್ರೂ ಏಳ್ಲಿ. ನೀವು ಪುಟದ ಕೆಳಗೆ ಸಹಿ ಮಾತ್ರ ಹಾಕಿ. ಮೇಲೆ ಏನೈತೆ ಅನ್ನೋದು ನಂದು, ಅವಳ್ದು."

"ತಪ್ಪಿದ್ರೆ?" ಎಂದೆ.

"ತಪ್ಪಿರ್ಲಿ ಬಿಡಿ. ನೀವು ಎಲ್ಲಾ ಅಳಿಸಿ ಸರಿ ಮಾಡಿ ಕಳಿಸಿದ್ರೆ ಮಗೂಗೆ ಎಲ್ಲಿ ಬರಲ್ಲ ಅಂತ ನಂಗೆ ಹೆಂಗ್ರೀ ಗೊತ್ತಾಗ್ಬೇಕು?"

ಹೇಳುವಷ್ಟು ಸುಲಭವಾಗಿರಲಿಲ್ಲ ಅದು. ಮೆಶಿನ್ ಪಕ್ಕದ ಕಿಟಕಿಯ ಕೆಳಗೆ ಒಂದು ಮಣೆ, ಒಂದು ಸಣ್ಣ ಮೇಜು ಹಾಕಿಕೊಟ್ಟೆ. ಅವಳು ರೊಟ್ಟಿ ತಿಂದು, ನಾಯಿಯನ್ನು ಅಂಗಳ ಪೂರ್ತಿ ಓಡಿಸಿ, ಐದೂಕಾಲಿಗೆ ಬಂದು ಕೂರಬೇಕು. ನಾನು ಮೆಶಿನ್ ತುಳಿಯುತ್ತಿರಬೇಕು. ಅರ್ಧ ಗಂಟೆ ಇಬ್ಬರೂ ನಮ್ಮ ನಮ್ಮ ಕೆಲಸ ಮಾಡಬೇಕು. ಇದು ಒಪ್ಪಂದ. ಮೊದಲ ದಿನ ಅವಳು ಎಡಗೈಯನ್ನು ಪುಸ್ತಕದ ಸುತ್ತ ಬೇಲಿಯಂತೆ ಇಟ್ಟುಕೊಂಡು ಬರೆದಳು. ನನ್ನ ಕಾಲು ಪೆಡಲ್ ಮೇಲೆ ನಿಂತರೆ ಸಾಕು, ಅವಳ ಪೆನ್ಸಿಲ್ ನಿಲ್ಲುತ್ತಿತ್ತು. ನಾನು ತುಳಿಯತೊಡಗಿದ ಮೇಲೆಯೇ ಅವಳು ಬರೆಯುವುದು. ಅವಳು ಬರೆಯಲಿ ಎಂದು ನಾನು ಹೊಲಿಯಬೇಕಾಗಿಲ್ಲದ ಚಿಂದಿ ಬಟ್ಟೆಯ ಮೇಲೂ ಸುಮ್ಮನೆ ಹೊಲಿಗೆ ಓಡಿಸಿದ್ದುಂಟು.

ಬಾಯಿಯನ್ನು ಹಿಡಿದಿಡುವುದು ಎಲ್ಲಕ್ಕಿಂತ ಕಷ್ಟ. ಕಣ್ಣು ಅತ್ತ ಹೋಗಿಯೇ ಹೋಗುತ್ತಿತ್ತು, ತಪ್ಪು ಕಂಡೇ ಕಾಣುತ್ತಿತ್ತು. ಕೊನೆಗೆ ಒಂದು ಉಪಾಯ ಮಾಡಿದೆ. ಹೊಲಿಯುವಾಗ ಗುಂಡುಪಿನ್ನುಗಳನ್ನು ತುಟಿಯ ನಡುವೆ ಕಚ್ಚಿಕೊಳ್ಳುವುದು ನಮ್ಮ ಕಸುಬಿನವರಿಗೆಲ್ಲ ಇರುವ ಕೆಟ್ಟ ಅಭ್ಯಾಸ. ಆ ಅರ್ಧ ಗಂಟೆ ಬೇಕೆಂದೇ ನಾಲ್ಕು ಪಿನ್ನು ಕಚ್ಚಿಕೊಂಡು ಕೂರತೊಡಗಿದೆ. ಬಾಯಿ ತೆರೆದರೆ ಪಿನ್ನು ಬೀಳುತ್ತದೆ. ಯಜಮಾನರು ಒಂದು ದಿನ ಬೇಗ ಬಂದವರು ಬಾಗಿಲಲ್ಲೇ ನಿಂತು, "ಪಿನ್ನಿಲ್ದೆ ಹೋಗಿದ್ರೆ ನಿಮ್ಮಮ್ಮನ ಬಾಯಿ ಹೊಲಿಗೆ ಹಾಕ್ಬೇಕಾಗಿತ್ತು ಕಣೇ ಪುಟ್ಟಿ" ಎಂದರು. ಮಗಳು ಕಿಸಕ್ಕನೆ ನಕ್ಕಳು. ಎಷ್ಟೋ ದಿನಗಳ ಮೇಲೆ ಆ ಮೇಜಿನ ಹತ್ತಿರ ಕೇಳಿದ ನಗು.

ಎಲ್ಲ ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ ನಾನೇ ಕೆಡಿಸಿದೆ. ಒಂದು ಗುರುವಾರ ಒಬ್ಬಳು ಗಿರಾಕಿ ಬ್ಲೌಸಿನ ಕತ್ತು ಅಗಲವಾಯಿತೆಂದು ನಾಲ್ಕು ಮಾತು ಆಡಿ ಹೋಗಿದ್ದಳು. ಅದೇ ಸಿಟ್ಟಿನಲ್ಲಿದ್ದೆ. ಮಗಳು ಸಹಿಗೆ ತಂದ ಪುಟದಲ್ಲಿ ಏಳರ ಮಗ್ಗಿಯೇ ತಪ್ಪಾಗಿತ್ತು. "ಇದೂ ಬರಲ್ವೇನೇ ನಿಂಗೆ?" ಎಂದು ಪುಸ್ತಕ ಕಿತ್ತುಕೊಂಡೆ. ಮರುದಿನ ಬ್ಯಾಗ್ ಮೂಲೆಗೆ ಹಾಕಿ, ನನ್ನ ಮುಖ ನೋಡದೆ, "ಇವತ್ತು ಹೋಂವರ್ಕ್ ಇಲ್ಲ" ಎಂದಳು. ಎರಡು ತಿಂಗಳ ಕಷ್ಟ ಒಂದು ನಿಮಿಷದಲ್ಲಿ ನೀರಿಗೆ ಬಿತ್ತು. ಅವಳ ಮುಂದೆ ಕೂತು, "ತಪ್ಪಾಯ್ತು ಕಂದ" ಎಂದೆ. ಮಕ್ಕಳಿಗೆ ತಪ್ಪಾಯಿತು ಅನ್ನುವುದು ನನಗೆ ಯಾರೂ ಕಲಿಸಿಕೊಟ್ಟ ಮಾತಲ್ಲ. ನನ್ನ ಅಮ್ಮ ನನಗೆ ಯಾವತ್ತೂ ಅಂದಿರಲಿಲ್ಲ. ಮಗಳು ನಾಯಿಯ ಕಿವಿ ಸವರುತ್ತ ಕೇಳಿಸಿಕೊಂಡಳು. ಒಂದು ವಾರ ಪುಸ್ತಕದ ಸುತ್ತ ಮತ್ತೆ ಆ ಎಡಗೈ ಬೇಲಿ ಎದ್ದಿತು.

ಆ ವಾರದಲ್ಲೇ ಟೀಚರ್ ಬ್ಲೌಸ್ ಹಿಡಿದುಕೊಂಡು ಬಂದರು. ಹಬ್ಬಕ್ಕೆ ಬೇರೆ ಸೀರೆ ಉಟ್ಟಿದ್ದರಂತೆ, ಇದನ್ನು ಈಗ ಹಾಕಿ ನೋಡಿದ್ದರು. ತೋಳು ಬಿಗಿ. ಟೇಪು ಜಾರಿದ ದಿನ ನಾನು ಬರೆದುಕೊಂಡ ಅಳತೆ ಅದು. ನನ್ನ ಕೆಲಸದಲ್ಲಿ ಅಂಥ ತಪ್ಪು ಆದದ್ದೇ ಇಲ್ಲ. ಮಗಳು ಮೇಜಿನಿಂದ ತಲೆಯೆತ್ತಿ ನೋಡುತ್ತಿದ್ದಳು. ಟೀಚರ್ ಏನಂತಾರೋ ಎಂದು ಅವಳ ಕಣ್ಣು ದೊಡ್ಡದಾಗಿತ್ತು.

"ಅಯ್ಯೋ, ಅದಕ್ಕೇನಂತೆ. ಒಳಗೆ ಬಟ್ಟೆ ಬಿಟ್ಟೀರಲ್ಲ, ಬಿಚ್ಚಿ ಹೊಲಿದ್ರಾಯ್ತು" ಎಂದರು ಟೀಚರ್. ಆಮೇಲೆ ಮಗಳ ಕಡೆ ತಿರುಗಿ, "ಕೆಂಪು ಪೆನ್ ತಂದಿಲ್ಲ ಕಣೇ. ತಂದಿದ್ರೆ ನಿಮ್ಮಮ್ಮಂಗೆ ಒಂದು ಗೆರೆ ಎಳೀತಿದ್ದೆ" ಎಂದರು. ಮಗಳು ನನ್ನನ್ನು ನೋಡಿದಳು. ನಾನು ನಾಲಿಗೆ ಕಚ್ಚಿಕೊಂಡು ತಲೆ ಚಚ್ಚಿಕೊಂಡೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಮ್ಮನೂ ತಪ್ಪು ಮಾಡುತ್ತಾಳೆ, ಟೀಚರ್ ಎದುರಿಗೇ ಸಿಕ್ಕಿಬೀಳುತ್ತಾಳೆ ಎಂಬುದು ಅವಳಿಗೆ ಹಬ್ಬದಂತಾಯಿತು. ನನಗೂ ಯಾಕೋ ಹಗುರವಾಯಿತು.

ಆಮೇಲಿನ ದಿನಗಳಲ್ಲಿ ದೊಡ್ಡದೇನೂ ಆಗಲಿಲ್ಲ. ಐದೂಕಾಲಿಗೆ ನಾನು ಕರೆಯುವ ಮೊದಲೇ ಮೇಜು ಎಳೆದುಕೊಳ್ಳುವ ಸದ್ದು ಕೇಳತೊಡಗಿತು. ಅಕ್ಷರ ಗೆರೆ ದಾಟುತ್ತಲೇ ಇತ್ತು, ಪುಟದಲ್ಲಿ ಕೆಂಪು ಗುರುತುಗಳಿದ್ದವು. ನಾನು ಅದರ ಕೆಳಗೆ ಸಹಿ ಹಾಕುತ್ತಿದ್ದೆ. ಕೆಲವು ದಿನ ಸಹಿ ಹಾಕಲು ಕೈ ಬರುತ್ತಿರಲಿಲ್ಲ, ಆದರೂ ಹಾಕುತ್ತಿದ್ದೆ. ಎಡಗೈ ಬೇಲಿ ಯಾವ ದಿನ ಇಳಿಯಿತೋ ಗಮನಿಸಲಿಲ್ಲ. ಆದರೆ ಪುಸ್ತಕ ಹಿಡಿದು ಅವಳಾಗಿಯೇ ಏನಾದರೂ ಕೇಳಲು ನನ್ನ ಹತ್ತಿರ ಬಂದಿರಲಿಲ್ಲ. ಬರುತ್ತಾಳೆ ಎಂಬ ಆಸೆಯನ್ನು ನಾನು ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ.

ಸಂಕ್ರಾಂತಿ ಕಳೆದಿತ್ತು. ತೋಟಗಳಲ್ಲಿ ಕಾಫಿ ಕೊಯ್ಲು ನಡೆಯುತ್ತಿತ್ತು, ಆಳುಗಳನ್ನು ವಾಪಸ್ ಕರೆದೊಯ್ಯುವ ಜೀಪುಗಳು ರಸ್ತೆಯಲ್ಲಿ ಸಾಲಾಗಿ ಹೋಗುತ್ತಿದ್ದವು. ನನ್ನ ಮೆಶಿನ್ ಮೇಲೆ ಒಂದು ಮದುವೆ ಬ್ಲೌಸು. ಹೆಣ್ಣಿನ ಕಡೆಯವರು ಆರು ಗಂಟೆಗೆ ಬಂದು ತೆಗೆದುಕೊಂಡು ಹೋಗುತ್ತೇವೆ ಅಂದಿದ್ದರು, ಹೇಳಿದ ಹೊತ್ತಿಗೆ ಕೊಡದೆ ಇದ್ದವಳಲ್ಲ ನಾನು.

"ಅಮ್ಮ."

ತಿರುಗಿ ನೋಡಿದರೆ ಮೆಶಿನ್ ಪಕ್ಕ ನಿಂತಿದ್ದಳು. ಪುಸ್ತಕ ತೆರೆದು ನನ್ನ ಕಡೆಗೇ ಹಿಡಿದಿದ್ದಳು. ಇನ್ನೂರ ನಲವತ್ತಾರನ್ನು ಮೂರರಿಂದ ಗುಣಿಸಬೇಕಾದ ಲೆಕ್ಕ. ಕೆಳಗೆ ಆರುನೂರ ಮೂವತ್ತೆಂಟು ಎಂದು ಬರೆದಿತ್ತು. ತಪ್ಪು ನನ್ನ ಕಣ್ಣಿಗೆ ರಪ್ಪನೆ ಹೊಡೆಯಿತು. ಪಿನ್ನುಗಳನ್ನು ಬಿಗಿಯಾಗಿ ಕಚ್ಚಿದೆ.

"ಇದ್ರಲ್ಲಿ ಏನೋ ತಪ್ಪೈತೆ ಅನ್ಸ್ತೈತೆ. ಎಲ್ಲಿ ಅಂತ ಗೊತ್ತಾಯ್ತಿಲ್ಲ" ಎಂದಳು.

ಒಂದೊಂದೇ ಪಿನ್ನು ತೆಗೆದು ಮೆಶಿನ್ ಮೇಲೆ ಇಟ್ಟೆ. "ನಾನು ಹೇಳ್ಲಾ?"

"ಬೇಡ, ನಾನೇ ಹುಡುಕ್ತೀನಿ. ನೀನು ಬಂದು ಕೂತ್ಕೋ."

"ಕೂತ್ಕೊಂಡು ಏನ್ ಮಾಡ್ಲಿ?"

"ಏನೂ ಮಾಡ್ಬೇಡ. ಸುಮ್ನೆ ಇಲ್ಲಿ ಕೂತ್ಕೋ."

ಮೇಜಿನ ಮುಂದೆ ನೆಲದ ಮೇಲೆ ಚಕ್ಕಲಮಕ್ಕಲ ಹಾಕಿ ಕೂತೆ. ಅವಳು ಮಣೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ನನ್ನ ಮಡಿಲಲ್ಲೇ ಕೂತು, ಬೆನ್ನನ್ನು ನನ್ನ ಎದೆಗೆ ಒರಗಿಸಿಕೊಂಡಳು. ಒಂಬತ್ತು ವರ್ಷದ ಹುಡುಗಿ, ಭಾರ ಇದ್ದಳು. ಲೆಕ್ಕವನ್ನು ಕೆಳಗೆ ಹೊಸದಾಗಿ ಬರೆದುಕೊಂಡಳು. "ಆರ್ ಮೂರ್ಲ ಹದಿನೆಂಟು, ಎಂಟು ಬರೆದು ಕೈಯಲ್ಲಿ ಒಂದು" ಎಂದು ಬೆರಳು ಮಡಚಿದಳು. ನಾಲ್ಕು ಮೂರ್ಲ ಹನ್ನೆರಡು, ಒಂದು ಸೇರಿ ಹದಿಮೂರು. ಅಷ್ಟರಲ್ಲಿ ಹೊರಗೆ ಗಾಡಿ ನಿಂತ ಸದ್ದಾಯಿತು, ಹೆಣ್ಣಿನ ಕಡೆಯವರು ಹಾರ್ನ್ ಹೊಡೆದರು. ಅವಳ ಬೆನ್ನು ಬಿಗಿಯಾದದ್ದು ನನ್ನ ಎದೆಗೆ ಗೊತ್ತಾಯಿತು. ಈಗ ನಾನು ಎದ್ದರೆ ಇವಳು ಇನ್ನೊಮ್ಮೆ ಕರೆಯುವುದಿಲ್ಲ ಅನ್ನಿಸಿತು.

"ಇನ್ನೂ ಆಗಿಲ್ಲ ಕಣ್ರೀ, ಸ್ವಲ್ಪ ಹೊತ್ತು ಕೂತಿರಿ!" ಎಂದು ಒಳಗಿನಿಂದಲೇ ಕೂಗಿದೆ.

ಅವಳು ನಿಧಾನಕ್ಕೆ ಮುಂದುವರಿಸಿದಳು. ಎರಡು ಮೂರ್ಲ ಆರು. ಪೆನ್ಸಿಲ್ ನಿಂತಿತು. ಮಡಚಿದ ಬೆರಳನ್ನು ನೋಡಿದಳು, ಮೇಲಿನ ತಪ್ಪು ಉತ್ತರವನ್ನು ನೋಡಿದಳು. "ಓ, ಇಲ್ಲಿ ಕೈಯಲ್ಲಿದ್ದ ಒಂದನ್ನ ಬಿಟ್ಬುಟ್ಟಿದ್ದೆ!" ಎಂದು ಏಳು ಬರೆದಳು. ಮೇಲಿನದನ್ನು ಅಳಿಸಲಿಲ್ಲ, ಒಂದು ಗೆರೆ ಹೊಡೆದು ಹಾಗೇ ಬಿಟ್ಟಳು. ನನ್ನ ಕಣ್ಣು ತುಂಬಿ ಅವಳ ನೆತ್ತಿಯ ಮೇಲೆ ಒಂದು ಹನಿ ಬಿತ್ತು. ಅವಳು ತಲೆ ಒರೆಸಿಕೊಂಡು, ಏನೆಂದು ಕೇಳದೆ, ಮುಂದಿನ ಲೆಕ್ಕಕ್ಕೆ ಪೆನ್ಸಿಲ್ ಹಚ್ಚಿದಳು. ನಾನು ಎದ್ದು ಹೋಗಬಾರದೆಂದು ಎಡಗೈಯಲ್ಲಿ ನನ್ನ ಸೆರಗು ಹಿಡಿದುಕೊಂಡಿದ್ದಳು.